ವೃಂದದಲ್ಲಿ ಕೂರುವ ವಿದ್ಯೆ: ಅಬುಧಾಬಿಯ ವಿಶ್ವವಿದ್ಯಾಲಯ ಸಂಗೀತ ಮತ್ತು ನಮ್ಮ ಮಕ್ಕಳು

ಯುಎಇಯ ಕನ್ನಡ ಮನೆಗಳಲ್ಲಿ ಸಂಗೀತ ಕಲಿಯುವ ಮಕ್ಕಳ ದಾರಿ ಹೆಚ್ಚುಕಡಿಮೆ ಒಂದೇ ರೀತಿಯದು. ಆರೇಳನೆಯ ವಯಸ್ಸಿಗೆ ಸರಳೆ, ಜಂಟಿ ವರಸೆ, ಆಮೇಲೆ ಗೀತೆ, ವರ್ಣ, ಒಂದಿಷ್ಟು ಕೃತಿ, ದೇವರನಾಮ, ಜೂನಿಯರ್ ಪರೀಕ್ಷೆ, ರಾಜ್ಯೋತ್ಸವದ ವೇದಿಕೆಯಲ್ಲಿ ಹತ್ತು ನಿಮಿಷ. ಹನ್ನೊಂದನೆಯ ತರಗತಿಗೆ ಬರುವಷ್ಟರಲ್ಲಿ ಬೋರ್ಡ್ ಪರೀಕ್ಷೆ, ಕೋಚಿಂಗ್ ಶುರುವಾಗಿ ವೀಣೆಗೆ ಗವಸು ಬೀಳುತ್ತದೆ. ಹತ್ತು ವರ್ಷದ ಕಲಿಕೆ ಅಲ್ಲಿಗೆ ನಿಲ್ಲುತ್ತದೆ. ಸಮಯವಿಲ್ಲ ಎಂಬುದೊಂದೇ ಇದಕ್ಕೆ ಕಾರಣವಲ್ಲ. ಕಛೇರಿ ಮಾಡುವ ಮಟ್ಟಕ್ಕೆ ಏರದಿದ್ದರೆ ಮುಂದೆ ಹಾಡಲು, ನುಡಿಸಲು ಜಾಗವೇ ಇಲ್ಲ ಎಂಬ ಭಾವನೆಯೂ ನಮ್ಮಲ್ಲಿ ಬೇರೂರಿದೆ. ಅಂಥ ಜಾಗವೊಂದು ನಮಗೆ ಹತ್ತಿರದಲ್ಲೇ, ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ ಇದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಬುಧಾಬಿ ಶಾಖೆ 2010ರಲ್ಲಿ ತರಗತಿ ಆರಂಭಿಸಿ, 2014ರಲ್ಲಿ ಸಾದಿಯಾತ್‌ನ ಈಗಿನ ಆವರಣಕ್ಕೆ ಬಂತು. ಮರುವರ್ಷ ಅದರ ಆರ್ಟ್ಸ್ ಸೆಂಟರ್ ತೆರೆಯಿತು. ಅಲ್ಲಿನ ರೆಡ್ ಥಿಯೇಟರ್, ಬ್ಲೂ ಹಾಲ್‌ಗಳಲ್ಲಿ ಹೊರದೇಶದ ಕಲಾವಿದರು ಬಂದು ನುಡಿಸುವುದು ನಮ್ಮಲ್ಲಿ ಕೆಲವರಿಗೆ ಗೊತ್ತು. ವಿಶ್ವವಿದ್ಯಾಲಯದ ಸಂಗೀತ ವಿಭಾಗದ ವಿದ್ಯಾರ್ಥಿ ವೃಂದಗಳೂ ಅಧ್ಯಾಪಕರೂ ಕಛೇರಿ ಕೊಡುತ್ತಾರೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅಮೆರಿಕದ ಮಾದರಿಯ ವಿಶ್ವವಿದ್ಯಾಲಯಗಳಲ್ಲಿ ‘ಎನ್‌ಸೆಂಬಲ್’ ಎಂದರೆ ಕಾಲೇಜ್ ಡೇ ದಿನ ಒಟ್ಟುಗೂಡುವ ತಂಡವಲ್ಲ. ಅದೂ ಒಂದು ಪಾಠವೇ. ವಾರಕ್ಕೊಮ್ಮೆ ಎರಡು ಮೂರು ಗಂಟೆ ಅಧ್ಯಾಪಕರೊಬ್ಬರ ಮುಂದೆ ಕೂಡಿ ಅಭ್ಯಾಸ, ಅದಕ್ಕೆ ಒಂದೆರಡು ಕ್ರೆಡಿಟ್, ಸೆಮಿಸ್ಟರ್ ಮುಗಿಯುವಾಗ ಸಾರ್ವಜನಿಕ ಕಛೇರಿ. ಬರೆಯುವ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ, ಕಛೇರಿಯೇ ಪರೀಕ್ಷೆ. ನಮ್ಮ ಪೋಷಕರಿಗೆ ಮುಖ್ಯವಾದ ಸಂಗತಿಯೆಂದರೆ, ಇಂಥ ವೃಂದ ಸೇರಲು ಬಹಳಷ್ಟು ಕಡೆ ಸಂಗೀತವೇ ಪದವಿಯ ವಿಷಯವಾಗಿರಬೇಕಿಲ್ಲ. ಎಂಜಿನಿಯರಿಂಗ್ ಓದುವ ಹುಡುಗಿ ಒಂದು ಆಡಿಷನ್ ಕೊಟ್ಟು ಸೇರಬಹುದು. ನಾಲ್ಕು ವರ್ಷ ವೃಂದದಲ್ಲಿ ನುಡಿಸಿದವರು ಮುಂದೆ ಯಾವ ಉದ್ಯೋಗಕ್ಕೆ ಹೋದರೂ ವಾದ್ಯ ಕೈಬಿಡುವುದು ಕಡಿಮೆ ಎಂದು ನನಗನ್ನಿಸುತ್ತದೆ.

ಅಧ್ಯಾಪಕರ ಕಛೇರಿ ಇದರ ಇನ್ನೊಂದು ಮುಖ. ಪಾಠ ಹೇಳುವವರು ತಮ್ಮ ವಿದ್ಯಾರ್ಥಿಗಳೆದುರು ತಾವೇ ಪರೀಕ್ಷೆಗೆ ನಿಂತಂತೆ ಅದು. ಹೊಸ ರಚನೆ, ಹೊಸ ಪ್ರಯೋಗಗಳು ಮೊದಲು ಬೆಳಕು ಕಾಣುವುದು ಹೆಚ್ಚಾಗಿ ಅಲ್ಲೇ. ನಮಗೆ ಇದು ಹೊಸತಲ್ಲ. ಗುರುಗಳ ಕಛೇರಿಯಲ್ಲಿ ಶಿಷ್ಯ ಹಿಂದೆ ಕೂತು ತಂಬೂರಿ ಮೀಟುತ್ತಾನೆ, ಅನುಮತಿ ಸಿಕ್ಕರೆ ದನಿಗೂಡಿಸುತ್ತಾನೆ. ಪಾಠದ ಕೋಣೆಯಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ: ಗುರು ಎಡವಿದಾಗ ಹೇಗೆ ಸರಿಪಡಿಸಿಕೊಂಡರು, ಸಭೆ ತಣ್ಣಗಿದ್ದರೆ ಯಾವ ರಾಗ ಎತ್ತಿಕೊಂಡರು ಎಂಬುದೆಲ್ಲ. ಇಲ್ಲಿನ ಫ್ಲ್ಯಾಟುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಆನ್‌ಲೈನ್‌ನಲ್ಲಿ ಕಲಿಯುವ ನಮ್ಮ ಮಕ್ಕಳು ಕಳೆದುಕೊಂಡಿರುವುದು ಇದನ್ನೇ. ಅವರು ಗುರುವಿನ ಹಿಂದೆ ಕೂತವರಲ್ಲ. ಪರದೆಯ ಮುಂದೆ ಕೂತವರು.

ಅಬುಧಾಬಿಯ ಈ ಸಂಗೀತ ವಿಭಾಗಕ್ಕೂ ನಮ್ಮ ಸಂಗೀತಕ್ಕೂ ಸಂಬಂಧವೇನು ಎಂದು ಕೇಳಬಹುದು. ನಾವು ಊಹಿಸುವುದಕ್ಕಿಂತ ಹೆಚ್ಚಿದೆ. ಅಲ್ಲಿನ ಪ್ರಾಧ್ಯಾಪಕ, ಪೋರ್ಚುಗಲ್‌ನ ಸಂಯೋಜಕ ಕಾರ್ಲೋಸ್ ಗ್ವೆಡೆಸ್ ಅವರ ಸಂಶೋಧನೆಯ ವಿಷಯ ಲಯ. ಮೃದಂಗ ಕಲಾವಿದ ಅಕ್ಷಯ್ ಅನಂತಪದ್ಮನಾಭನ್ ಮುಂತಾದವರ ಜೊತೆ ಸೇರಿ 2016ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೊಂದರ ವಸ್ತು ಆದಿತಾಳ. ಮೂರು ಕಾಲಗಳಲ್ಲಿ ನುಡಿಸಿದ ಪುಟ್ಟ ತನಿಗಳ ಪ್ರತಿ ಪೆಟ್ಟನ್ನೂ ಗುರುತು ಹಾಕಿ, ಯಾವ ಪೆಟ್ಟಿನ ಹಿಂದೆ ಯಾವುದು ಬರುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿ, ಕಂಪ್ಯೂಟರಿನಿಂದ ಹೊಸ ನಡೆಗಳನ್ನು ಹುಟ್ಟಿಸಿದರು. ಅವು ಹೇಗಿವೆ ಎಂದು ಅಳೆಯಲು ಕೊನೆಗೆ ಕರ್ನಾಟಕ ಸಂಗೀತದ ಲಯವಾದ್ಯ ಕಲಾವಿದರ ಕಿವಿಯೇ ಬೇಕಾಯಿತು.

ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕುವೈತಿನ ಜನಾಂಗ ಸಂಗೀತಶಾಸ್ತ್ರಜ್ಞ, ಗಿಟಾರ್ ವಾದಕ ಗಾಝಿ ಅಲ್ ಮುಲೈಫಿ ಅವರ ತಂಡದ ಹೆಸರು ‘ಬೂಮ್ ದಿವಾನ್’. ಬೂಮ್ ಎಂದರೆ ಕುವೈತಿನ ಹಾಯಿಹಡಗು. ಮುತ್ತು ತೆಗೆಯುವವರ ಕಡಲ ಹಾಡುಗಳ ಲಯವನ್ನು ಜಾಝ್ ಜೊತೆ ಕೂಡಿಸುವ ತಂಡ ಅದು. ಖರ್ಜೂರ ಹೊತ್ತು ಮಲಬಾರ್, ಕೆನರಾ ಕರಾವಳಿಗೆ ಬಂದು ಮರಮುಟ್ಟು ತುಂಬಿಕೊಂಡು ಹೋಗುತ್ತಿದ್ದುದು ಇಂಥ ಹಡಗುಗಳೇ; ಮಂಗಳೂರಿನ ಹಳಬರಿಗೆ ಹೇಳಬೇಕಾಗಿಲ್ಲ. ಕೊಲ್ಲಿಯ ಕಡಲ ಸಂಗೀತದಲ್ಲಿ ‘ಜಹ್ಲಾ’ ಎಂಬ ಮಣ್ಣಿನ ಮಡಕೆಯನ್ನು ಕೈಯಲ್ಲಿ ಬಡಿದು ನುಡಿಸುತ್ತಾರೆ. ಬಹರೈನಿನ ಫಿಜಿರಿ ಹಾಡುಗಳನ್ನು ಯುನೆಸ್ಕೊ 2021ರಲ್ಲಿ ತನ್ನ ಪಟ್ಟಿಗೆ ಸೇರಿಸಿದಾಗ ಅವುಗಳ ವಾದ್ಯಗಳಲ್ಲಿ ಈ ಮಡಕೆಯೂ ಇತ್ತು. ಘಟ ಕಲಿತ ಹುಡುಗನಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ.

ರಾಗ ತಾಳಗಳಲ್ಲೂ ನಂಟು ಕಾಣುತ್ತದೆ. ನಮ್ಮ ಮಕ್ಕಳು ಮೊದಲ ದಿನ ಕಲಿಯುವ ಮಾಯಾಮಾಳವಗೌಳದ ಪೂರ್ವಾಂಗವನ್ನು, ಅಂದರೆ ಸ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮಗಳನ್ನು, ಅರಬರು ‘ಹಿಜಾಝ್’ ಎಂದು ತಕ್ಷಣ ಗುರುತಿಸುತ್ತಾರೆ. ಅರಬ್ ಸಂಗೀತದ ಏಳು ಮಾತ್ರೆಯ ಒಂದು ತಾಳದ ಹೆಸರು ‘ದೌರ್ ಹಿಂದಿ’, ಭಾರತದ ಆವರ್ತ ಎಂದರ್ಥ. ಅದರ ಲೆಕ್ಕ ಮೂರು, ಎರಡು, ಎರಡು. ನಮ್ಮ ಮಿಶ್ರಛಾಪುವಿನದೂ ಅದೇ. ಎಲ್ಲವೂ ಇಷ್ಟು ಸುಲಭವಾಗಿ ಕೂಡಿಕೊಳ್ಳುವುದಿಲ್ಲ ಎನ್ನುವುದನ್ನೂ ಹೇಳಬೇಕು. ‘ಸಮಾಈ ಥಕೀಲ್’ ಹತ್ತು ಮಾತ್ರೆಯದು. ಖಂಡಛಾಪುವಿನ ಎರಡು ಆವರ್ತಕ್ಕೆ ಲೆಕ್ಕ ಸರಿಹೋಗುತ್ತದೆ, ನಡೆ ಸರಿಹೋಗುವುದಿಲ್ಲ. ‘ರಾಸ್ತ್’ ಮಕಾಮಿನ ಗಾಂಧಾರವಂತೂ ನಮ್ಮ ಸಾಧಾರಣಕ್ಕೂ ಅಂತರಕ್ಕೂ ನಡುವೆ ನಿಲ್ಲುತ್ತದೆ.

ವೃಂದಕ್ಕೆ ಹೋದ ನಮ್ಮ ವಿದ್ಯಾರ್ಥಿಗೆ ಎದುರಾಗುವ ತೊಡಕುಗಳು ಇನ್ನೂ ಇವೆ. ನಮ್ಮಲ್ಲಿ ಶ್ರುತಿ ಹಾಡುವವರ ಅನುಕೂಲಕ್ಕೆ. ಅಲ್ಲಿ ಎಲ್ಲ ವಾದ್ಯಗಳಿಗೂ ಗೊತ್ತುಮಾಡಿದ ಒಂದೇ ಅಳತೆ, ಮೇಲಾಗಿ ಕೃತಿಯ ನಡುವೆಯೇ ಆಧಾರ ಸ್ವರ ಬದಲಾಗಬಹುದು. ಒಂದು ಶ್ರುತಿಗೆ ಕಟ್ಟಿದ ಮೃದಂಗ ಆಗ ಅಪಸ್ವರವಾಗುತ್ತದೆ. ಖಂಜಿರ ನುಡಿಸುವವನಿಗೆ ಆ ಕಷ್ಟ ಕಡಿಮೆ. ಪಿಟೀಲಿನವರು ನೆಲದಿಂದ ಕುರ್ಚಿಗೆ, ಪಾದದ ಆಧಾರದಿಂದ ಭುಜಕ್ಕೆ, ಸ-ಪ-ಸ-ಪ ತಂತಿಗಳಿಂದ ಬೇರೆಯದೇ ಶ್ರುತಿಗೆ ಬದಲಾಗಬೇಕು. ಎಲ್ಲಕ್ಕಿಂತ ದೊಡ್ಡದು ಗಮಕ. ಹಲವು ಸ್ವರ ಒಟ್ಟಿಗೆ ನಿಲ್ಲುವ ಸ್ವರಮೇಳದ ಮೇಲೆ ಶಂಕರಾಭರಣವನ್ನು ಹೇಗೋ ಕೂರಿಸಬಹುದು, ತೋಡಿಯನ್ನು ಕೂರಿಸಿದರೆ ತೋಡಿ ಉಳಿಯುವುದಿಲ್ಲ. ‘ಫ್ಯೂಷನ್’ ಹೆಸರಿನಲ್ಲಿ ನಡೆಯುವ ಎಷ್ಟೋ ಕಛೇರಿಗಳಲ್ಲಿ ರಾಗ ಬರೀ ಆರೋಹಣ ಅವರೋಹಣಕ್ಕೆ ಇಳಿಯುವುದು ಇದರಿಂದಲೇ. ಆದ್ದರಿಂದ ವೃಂದಕ್ಕೆ ಹೋಗುವ ಮೊದಲು ನಮ್ಮ ಪಾಠ ಗಟ್ಟಿಯಾಗಿರಬೇಕು.

ಹಾಗೆಂದು ವೃಂದವಾದನವೇ ನಮಗೆ ಪರಕೀಯ ಎನ್ನಲಾಗದು. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪಾಶ್ಚಾತ್ಯ ಬ್ಯಾಂಡೂ ಇತ್ತು, ಕರ್ನಾಟಕ ವಾದ್ಯವೃಂದವೂ ಇತ್ತು. ಜರ್ಮನಿಯ ಆಟೊ ಷ್ಮಿಟ್ ಮೊದಲನೆಯದನ್ನು ನಡೆಸಿದರೆ, ವೀಣೆಯ ವೆಂಕಟಗಿರಿಯಪ್ಪನವರು ದೊರೆಯ ಪ್ರೇರಣೆಯಿಂದ ‘ನಗ್ಮಾ’ ಎಂಬ ವಾದ್ಯರಚನೆಗಳನ್ನು ಮಾಡಿದರು. ಮೈಸೂರಿನ ಪೊಲೀಸ್ ಬ್ಯಾಂಡುಗಳಲ್ಲಿ ಆ ಪರಂಪರೆ ಇನ್ನೂ ಉಸಿರಾಡುತ್ತಿದೆ. ದಸರೆ ನೋಡಿದವರೆಲ್ಲ ಅದನ್ನು ಕೇಳಿದ್ದಾರೆ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸಂಗೀತ, ನೃತ್ಯಗಳಿಗೆ ಕಾಲೇಜನ್ನೇ ತೆರೆಯಿತು. ವಿ. ರಾಮರತ್ನಂ ಅದನ್ನು ಕಟ್ಟಿ ಬೆಳೆಸಿದವರು. ಈಗ ಅದೇ ಊರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಇದೆ. ಊರಿಗೆ ಮರಳಿ ಓದುವ ಮಕ್ಕಳಿಗೂ ದಾರಿ ಮುಚ್ಚಿಲ್ಲ.

ಅಬುಧಾಬಿಯಲ್ಲೇ ಬೇರೆ ಬಾಗಿಲುಗಳೂ ಇವೆ. ಇರಾಕಿನ ಊದ್ ವಾದಕ ನಸೀರ್ ಶಮ್ಮಾ 2008ರಲ್ಲಿ ಆರಂಭಿಸಿದ ‘ಬೈತ್ ಅಲ್ ಊದ್’ನಲ್ಲಿ ಊದ್, ಕಾನೂನ್ ಕಲಿಸುತ್ತಾರೆ, ವೀಣೆ ಕಲಿತ ಬೆರಳಿಗೆ ಊದ್ ಬೇಗ ಒಲಿಯಬಹುದು. ಸಾದಿಯಾತ್‌ನಲ್ಲಿ 2020ರಲ್ಲಿ ತೆರೆದ ಬರ್ಕ್ಲಿ ಅಬುಧಾಬಿ ಕೇಂದ್ರವೂ ಇದೆ.

ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಈಗಲೇ ಮಾಡಬಹುದಾದ ಕೆಲಸಗಳಿವೆ. ಮಗುವಿನ ಗುರುಗಳ ಒಪ್ಪಿಗೆ ಪಡೆದು ವರ್ಷಕ್ಕೊಮ್ಮೆ ಹತ್ತು ನಿಮಿಷದ ಒಳ್ಳೆಯ ರೆಕಾರ್ಡಿಂಗ್ ಮಾಡಿಡಿ. ಆಡಿಷನ್‌ಗೆ ಬೇಕಾಗುವುದು ಅದೇ. ಪಾಶ್ಚಾತ್ಯ ಸ್ವರಲಿಪಿ ಓದುವುದನ್ನು ಒಂದು ಬೇಸಿಗೆಯಲ್ಲಿ ಕಲಿಸಿ. ಸೆಮಿಸ್ಟರ್ ಮುಗಿಯುವ ಡಿಸೆಂಬರ್ ಮತ್ತು ಏಪ್ರಿಲ್–ಮೇ ಹೊತ್ತಿಗೆ ಕಾರ್ಯಕ್ರಮಗಳ ಪಟ್ಟಿ ನೋಡಿ ಮಗುವನ್ನು ಒಂದು ವಿದ್ಯಾರ್ಥಿ ಕಛೇರಿಗೂ ಒಂದು ಅಧ್ಯಾಪಕರ ಕಛೇರಿಗೂ ಕರೆದೊಯ್ಯಿರಿ. ದುಬೈಯಿಂದ ಸಾದಿಯಾತ್‌ಗೆ ಕಾರಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ.