ಗುಣಮಟ್ಟದ ಲೆಕ್ಕದಿಂದ ಹೊರಗುಳಿದ ಕೈಗಳು

ಹೆಣೆದ ಉಡುಪುಗಳ ರಫ್ತಿಗೆ ಹೆಸರಾದ ತಿರುಪ್ಪೂರು ಮತ್ತು ನೂಲಿನ ಗಿರಣಿ, ಪಂಪ್‌ಸೆಟ್‌ಗಳಿಗೆ ಹೆಸರಾದ ಕೊಯಮತ್ತೂರು ಜಿಲ್ಲೆಗಳಲ್ಲಿ ಗುಣಮಟ್ಟ ಸುಧಾರಣೆಯ ವಿಧಾನಗಳು ಹೊಸವೇನಲ್ಲ. ಆದರೆ ಅವುಗಳ ಕುರಿತ ಮೂರು ತಪ್ಪು ಕಲ್ಪನೆಗಳು ದುಡಿಯುವ ಮನುಷ್ಯನನ್ನು ಲೆಕ್ಕದಿಂದ ಹೊರಗಿಡುತ್ತವೆ.

ತಪ್ಪು ಕಲ್ಪನೆ 1: ಬಟ್ಟೆಯ ದೋಷಕ್ಕೆ ಹೊಲಿದವರ ಅಜಾಗ್ರತೆಯೇ ಕಾರಣ.

ಸತ್ಯ: ಹೆಣೆದ ಬಟ್ಟೆಯು ನೂಲಿನ ಕುಣಿಕೆಗಳಿಂದ ಆದುದರಿಂದ, ಕುಣಿಕೆಗಳ ನಡುವೆ ಜಾರಿ ಇಳಿಯುವಂಥ ಗುಂಡು ಮೊನೆಯ ಸೂಜಿ ಅದಕ್ಕೆ ಬೇಕು. ಮೊನೆ ಕೆಟ್ಟರೆ ಸೂಜಿ ನೂಲನ್ನೇ ಕಡಿಯುತ್ತದೆ, ಆ ತೂತು ಎಷ್ಟೋ ಸಲ ಬಟ್ಟೆಯನ್ನು ಎಳೆದಾಗ ಅಥವಾ ಒಗೆದಾಗ ಮಾತ್ರ ಬಾಯಿ ಬಿಡುತ್ತದೆ. ಸೂಜಿಯ ಸದ್ದು ಬದಲಾದುದು ಯಂತ್ರದ ಮುಂದೆ ಕುಳಿತವರಿಗೇ ಮೊದಲು ತಿಳಿಯುವುದಾದರೂ, ಪೀಸ್‌ರೇಟ್, ಅಂದರೆ ಹೊಲಿದ ತುಂಡುಗಳ ಲೆಕ್ಕದ ಕೂಲಿ ಇರುವಲ್ಲಿ, ಸೂಜಿ ಬದಲಿಸಲು ಎದ್ದ ಹೊತ್ತು ಅವರ ಗಳಿಕೆಯಿಂದಲೇ ಕಳೆಯುತ್ತದೆ. ದೋಷಗಳಲ್ಲಿ ಬಹುಪಾಲು ವ್ಯವಸ್ಥೆಯಿಂದ ಹುಟ್ಟುತ್ತವೆ, ವ್ಯವಸ್ಥೆಯ ಹೊಣೆ ಆಡಳಿತದ್ದು ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ವಾದಿಸಿದರು; ಕೆಲಸದ ಜಾಗದಿಂದ ಭಯವನ್ನು ಹೊರದೂಡಬೇಕೆಂಬುದು ಅವರ 14 ಸೂತ್ರಗಳಲ್ಲೊಂದು.

ತಪ್ಪು ಕಲ್ಪನೆ 2: ಕೊನೆಯ ಚೆಕಿಂಗ್ ಬಿಗಿಯಾದರೆ ಗುಣಮಟ್ಟ ತಾನಾಗಿ ಬರುತ್ತದೆ.

ಸತ್ಯ: ಎಕ್ಯೂಎಲ್, ಅಂದರೆ ಒಪ್ಪಬಹುದಾದ ದೋಷದ ಮಿತಿಯನ್ನು ಆಧರಿಸಿದ ತಪಾಸಣೆಯಲ್ಲಿ, ನಿಗದಿತ ಸಂಖ್ಯೆಯ ಮಾದರಿಗಳನ್ನು ನೋಡಿ ಇಡೀ ಲಾಟನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಲಾಗುತ್ತದೆ, ಆಗಿಹೋದ ತಪ್ಪನ್ನು ಅದು ತೋರಿಸಬಲ್ಲದೇ ಹೊರತು ತಡೆಯಲಾರದು. ತಡೆಯುವ ಅಧಿಕಾರ ತಪ್ಪು ಹುಟ್ಟುವ ಜಾಗದಲ್ಲೇ ಇರಬೇಕೆಂದು ಟೊಯೊಟಾ ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಗೆಟುಕುವಂತೆ ಹಗ್ಗ ಕಟ್ಟಲಾಯಿತು, ಅದನ್ನು ಎಳೆದು ಅವರು ನೆರವು ಕರೆಯಬಹುದಿತ್ತು, ಸಾಲನ್ನೇ ನಿಲ್ಲಿಸಬಹುದಿತ್ತು. ಕೊಯಮತ್ತೂರು ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರ ಕೈಮಗ್ಗಕ್ಕೂ ಈ ನ್ಯಾಯ ಹಳೆಯದು: ಹಾಸಿನ ಎಳೆ ಹರಿದರೆ ನೇಯುವವರೇ ಲಾಳಿ ನಿಲ್ಲಿಸಿ, ಎಳೆ ಕೂಡಿಸಿ, ಮುಂದೆ ನೇಯುತ್ತಾರೆ.

ತಪ್ಪು ಕಲ್ಪನೆ 3: ಸುಧಾರಣೆ ಪರಿಣತರ ಕೆಲಸ, ಕಾರ್ಮಿಕರಿಗೆ ಗೋಡೆಯ ಮೇಲಿನ ಸೂಚನೆ ಸಾಕು.

ಸತ್ಯ: ಒಂದೇ ಬಗೆಯ ಕೆಲಸ ಮಾಡುವವರು ಕೂಡಿ ಕುಳಿತು ತಮ್ಮ ಕೆಲಸದ ತೊಡಕುಗಳನ್ನು ತಾವೇ ಬಿಡಿಸುವ ಕ್ವಾಲಿಟಿ ಸರ್ಕಲ್ 1962ರಲ್ಲಿ ಜಪಾನಿನಲ್ಲಿ ಆರಂಭವಾಗಿ, 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ಭಾರತಕ್ಕೆ ಬಂದಿತು. ಇನ್ನು ಗೋಡೆಯ ಸೂಚನೆಯ ಮಾತಿಗೆ ಬಂದರೆ, ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಬಂದವರೂ ದುಡಿಯುವ ತಿರುಪ್ಪೂರಿನಲ್ಲಿ ತಮಿಳು ಅಥವಾ ಇಂಗ್ಲಿಷ್ ಸೂಚನೆಯನ್ನು ಎಲ್ಲರೂ ಓದಲಾರರು. ಸೂಜಿ ಕೆಟ್ಟಿದೆ ಎಂದು ಒಬ್ಬಾಕೆ ಒಡಿಯಾದಲ್ಲಿ ಹೇಳಿದರೂ ಅದನ್ನು ತಿಳಿದುಕೊಂಡು, ಕೂಲಿ ಕಡಿಯದೆ, ಹೊಸ ಸೂಜಿ ಕೈಗಿಡುವ ಏರ್ಪಾಟು ಇದ್ದಲ್ಲಿ ಮಾತ್ರ ಗುಣಮಟ್ಟದ ಅಂಕಿಅಂಶಗಳು ನಿಜ ಹೇಳುತ್ತವೆ.