ರೂಟ್ ಫೈಲ್ ಸಿಸ್ಟಮ್: ಯುನಿಕ್ಸ್ ನಿರ್ವಾಹಕರ ವೃತ್ತಿಜಾನಪದದ ಒಂದು ನೆಲೆ

ಒಂದಾದರೂ ಸಮಾನ ಅಂಶದಿಂದ ಬೆಸೆದುಕೊಂಡ ಯಾವುದೇ ಗುಂಪೂ ‘ಜನಪದ’ವೆನಿಸುತ್ತದೆ ಎಂದು ಪ್ರತಿಪಾದಿಸಿದವರು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್. ಅವರು ಅಧ್ಯಾಪಕರಾಗಿದ್ದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದಲೇ 1983ರಲ್ಲಿ 4.2ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿ ಹೊರಬಂದಿತು. ಇಂತಹ ಗಣಕಗಳ ನಿರ್ವಾಹಕರಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ವಿಧಿಯೊಂದಿದೆ: ಯಂತ್ರವನ್ನು ನಿಲ್ಲಿಸುವ ಮುನ್ನ ‘ಸಿಂಕ್’ ಆದೇಶವನ್ನು ಮೂರು ಬಾರಿ ಕೊಡಬೇಕು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರುಂಟು. ಅದು ಅಷ್ಟು ಸರಳವಲ್ಲ. ಈ ವಿಧಿಗೆ ಕಾರಣವೂ ಇದೆ, ಅದನ್ನು ಮೀರಲೇಬೇಕಾದ ಸಂದರ್ಭವೂ ಇದೆ.

ಯುನಿಕ್ಸ್‌ನಲ್ಲಿ ಎಲ್ಲ ಕಡತಗಳೂ ಒಂದೇ ವೃಕ್ಷದಲ್ಲಿ ಅಡಕವಾಗಿರುತ್ತವೆ. ಅದರ ಬೇರು, ಎಂದರೆ ‘ರೂಟ್’, ಮೇಲಿದ್ದು ಕೊಂಬೆಗಳು ಕೆಳಗೆ ಹರಡುತ್ತವೆ. ಊರ್ಧ್ವಮೂಲವಾದ ಅಶ್ವತ್ಥವನ್ನು ಬಲ್ಲವರಿಗೆ ಈ ಕಲ್ಪನೆ ವಿಚಿತ್ರವೆನಿಸಲಾರದು. ಬೇರು ನೆಲೆಸಿರುವ ಡಿಸ್ಕ್ ವಿಭಾಗದ ಗಾತ್ರ, ಬ್ಲಾಕುಗಳ ಅಳತೆ, ಕಾಯ್ದಿರಿಸಿದ ಸ್ಥಳದ ಪ್ರಮಾಣ (4.2ಬಿಎಸ್‌ಡಿಯಲ್ಲಿ ಶೇ. 10) ಮೊದಲಾದ ವಿವರಗಳು ‘ಸೂಪರ್‌ಬ್ಲಾಕ್’ ಎಂಬಲ್ಲಿ ದಾಖಲಾಗಿರುತ್ತವೆ. ವ್ಯವಸ್ಥೆ ಚಾಲನೆಗೊಂಡಾಗ ಕರ್ನಲ್ ಇದರ ಒಂದು ಪ್ರತಿಯನ್ನು ತನ್ನ ಸ್ಮೃತಿಗೆ ತಂದುಕೊಂಡು, ಅಲ್ಲಿಂದಾಚೆಗೆ ಆ ಪ್ರತಿಯನ್ನೇ ನಂಬುತ್ತದೆ. ಆಗಾಗ ಅದನ್ನು ಡಿಸ್ಕಿಗೆ ಮರಳಿ ಬರೆಯುತ್ತದೆ. ಹೀಗೆ ಬರೆಯುವಂತೆ ಒತ್ತಾಯಿಸುವ ಆದೇಶವೇ ಸಿಂಕ್. ಹಳೆಯ ಯುನಿಕ್ಸ್‌ಗಳಲ್ಲಿ ಅದು ಬರಹವನ್ನು ಸರತಿಗೆ ಹಚ್ಚಿ, ಕೆಲಸ ಮುಗಿಯುವ ಮೊದಲೇ ಹಿಂದಿರುಗುತ್ತಿತ್ತು. ಮೂರು ಸಾಲುಗಳಲ್ಲಿ ಮೂರು ಬಾರಿ ಟೈಪು ಮಾಡುವಷ್ಟರಲ್ಲಿ ಡಿಸ್ಕಿಗೆ ಬೇಕಾದ ಸಮಯ ಸಿಗುತ್ತಿತ್ತು. ತರುವಾಯ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುವ ರೂಢಿ ಬಂದಿತು. ಕಾಲಾವಕಾಶವೆಂಬ ಮೂಲ ಆಶಯ ಮರೆತ ಮೇಲೂ ಆಚರಣೆ ಮುಂದುವರಿದುದಕ್ಕೆ ಇದು ಒಳ್ಳೆಯ ನಿದರ್ಶನ.

ಸೂಪರ್‌ಬ್ಲಾಕಿನ ವಿವರಗಳನ್ನು ತಿದ್ದಲು 4.2ಬಿಎಸ್‌ಡಿಯಲ್ಲಿದ್ದ ಸಾಧನ ‘ಟ್ಯೂನ್‌ಎಫ್‌ಎಸ್’. ಬೇರೆ ವಿಭಾಗಗಳನ್ನು ವೃಕ್ಷದಿಂದ ಬಿಡಿಸಿಟ್ಟು ತಿದ್ದಬಹುದು. ರೂಟ್ ವಿಭಾಗವನ್ನು ಹಾಗೆ ಬಿಡಿಸಲಾಗದು. ನಡೆಯುತ್ತಿರುವ ವ್ಯವಸ್ಥೆಯೇ ಅದರ ಮೇಲೆ ನಿಂತಿದೆ. ತಿದ್ದಿದಾಗ ಡಿಸ್ಕಿನಲ್ಲಿ ಹೊಸ ಬರಹ, ಸ್ಮೃತಿಯಲ್ಲಿ ಹಳೆಯ ಪ್ರತಿ. ಆಗ ನಿರ್ವಾಹಕನು ಶ್ರದ್ಧೆಯಿಂದ ಸಿಂಕ್ ಹೇಳಿದನೆಂದರೆ ಹಳೆಯದು ಹೊಸದರ ಮೇಲೆ ಕುಳಿತು, ತಿದ್ದುಪಡಿ ಸದ್ದಿಲ್ಲದೆ ಅಳಿಯುತ್ತದೆ. ಆದ್ದರಿಂದಲೇ ಏಕಬಳಕೆದಾರ ಸ್ಥಿತಿಗೆ ಹೋಗಿ, ರೂಟ್ ಓದಲಷ್ಟೇ ತೆರೆದಿರುವಾಗ ತಿದ್ದಿ, ಕೂಡಲೇ ಮರುಚಾಲನೆ ಮಾಡುವ ಕ್ರಮ ಬಂದಿತು. ಹಾನಿಗೊಂಡ ರೂಟ್ ವಿಭಾಗವನ್ನು ‘ಎಫ್‌ಎಸ್‌ಸಿಕೆ’ಯಿಂದ ದುರಸ್ತಿ ಮಾಡಿದಾಗಲಂತೂ ಸಿಂಕ್ ಇಲ್ಲದೆಯೇ ಮರುಚಾಲನೆ ಮಾಡಬೇಕೆಂಬುದು ಬಿಎಸ್‌ಡಿಯ ಹಳೆಯ ನಿಯಮ. ಅಲ್ಲಿ ವಿಧಿಯನ್ನು ಪಾಲಿಸಿದವನೇ ದುರಸ್ತಿಯಾದ ವ್ಯವಸ್ಥೆಯನ್ನು ಮತ್ತೆ ಕೆಡಿಸುತ್ತಿದ್ದ.

ಈ ಎಚ್ಚರಿಕೆಯನ್ನು ಹೇಳುವ ಟ್ಯೂನ್‌ಎಫ್‌ಎಸ್ ಕೈಪಿಡಿಯ ‘ದೋಷಗಳು’ ಭಾಗದಲ್ಲೇ ಒಂದು ನಗೆಮಾತೂ ಇದೆ: ಫೈಲ್ ಸಿಸ್ಟಮನ್ನು ಟ್ಯೂನ್ ಮಾಡಬಹುದಂತೆ, ಮೀನನ್ನು ಮಾಡಲಾಗದಂತೆ. ‘ಟ್ಯೂನಾ’ ಮೀನಿನ ಹೆಸರಿನೊಡನೆ ಆಡಿದ ಶ್ಲೇಷೆಯಿದು. ಇನ್ನೂ ಸ್ವಾರಸ್ಯಕರವಾದದ್ದು, ಈ ಸಾಲನ್ನು ತೆಗೆದವರನ್ನು ಕಾಲಗಣಕವು ಮರಳಿ ಸುತ್ತುವವರೆಗೂ ಯುನಿಕ್ಸ್ ಭೂತವು ಬೆನ್ನಟ್ಟುವುದೆಂದು ಕೈಪಿಡಿಯ ಮೂಲಪ್ರತಿಯಲ್ಲಿ ಅಡಗಿಸಿಟ್ಟ ಟಿಪ್ಪಣಿ. ನಮ್ಮ ಶಾಸನಗಳ ಕೊನೆಯ ಶಾಪಾಶಯವನ್ನು ಇದು ನೆನಪಿಸುತ್ತದೆ. ಶಾಸನದಲ್ಲಿ ಆಚಂದ್ರಾರ್ಕವೆನ್ನುವ ಕಡೆ ಇಲ್ಲಿರುವುದು ಲೆಕ್ಕಕ್ಕೆ ಸಿಗುವ ಅವಧಿ: 32 ಬಿಟ್ ಕಾಲಗಣಕದ ಎಣಿಕೆ 2038ರ ಜನವರಿ 19ಕ್ಕೆ ಮುಗಿಯುತ್ತದೆ.

ಲಿನಕ್ಸ್‌ನ ಎಕ್ಸ್‌ಟಿ2 ಪರಂಪರೆಯಲ್ಲಿ ಈ ಕಟ್ಟು ಸಡಿಲಗೊಂಡಿದೆ. ರೂಢಿಯಂತೆ ಶೇ. 5ರಷ್ಟಿರುವ ಕಾಯ್ದಿರಿಸಿದ ಸ್ಥಳವನ್ನು ರೂಟ್ ಬಳಕೆಯಲ್ಲಿರುವಾಗಲೇ ‘ಟ್ಯೂನ್2ಎಫ್‌ಎಸ್’ ಮೂಲಕ ಬದಲಿಸಬಹುದು. ಕೆಲವು ಗುಣಗಳಿಗೆ ಮಾತ್ರ ವಿಭಾಗವನ್ನು ಬಿಡಿಸಿಡಬೇಕಾಗುತ್ತದೆ. ಅಲ್ಲಿ ಸಿಂಕ್ ಬರಹ ಮುಗಿಯುವವರೆಗೂ ಕಾಯುವುದರಿಂದ ಒಂದು ಬಾರಿ ಹೇಳಿದರೆ ಸಾಕು.