ಲೇಖನಿಯಿಂದ ರಾಜಭವನಕ್ಕೆ: ಧಾರವಾಡದ ರಂಗರಾವ್ ದಿವಾಕರ

ಬೆಳಗಿನ ಬಸ್ಸು ಬಂದು ನಿಂತಿತೆಂದರೆ ಊರಕಟ್ಟೆಗೆ ಪೇಪರೂ ಬಂದಂತೆ. ವಿಜಯಪುರದ ಮಗ್ಗುಲಲ್ಲಿರುವ ಇಟ್ಟಂಗಿಹಾಳವಿರಲಿ, ತಿಕೋಟಾ, ಬಬಲೇಶ್ವರಗಳಿರಲಿ, ಕಟ್ಟೆಯ ಮೇಲೆ ಕನ್ನಡಕ ಏರಿಸಿಕೊಂಡು ಒಬ್ಬರು ಓದುವುದು, ನಾಲ್ವರು ಕೇಳುವುದು ಹಳೆಯ ರೂಢಿ. ಅಂಥ ಕಟ್ಟೆಯೊಂದರಲ್ಲಿ ಶಾಲೆಗೆ ಹೊರಟ ಹುಡುಗಿಯೊಬ್ಬಳು ಪೇಪರಿನ ನೆತ್ತಿಯ ಮೇಲಿನ ದಪ್ಪಕ್ಷರ ಓದಿ ಕೇಳುತ್ತಾಳೆ ಎನ್ನೋಣ.

“ಅಜ್ಜಾ, ‘ಸಂಯುಕ್ತ ಕರ್ನಾಟಕ’ ಅಂದ್ರ ಏನು?”

“ಸಂಯುಕ್ತ ಅಂದ್ರ ಕೂಡಿದ್ದು, ಯವ್ವಾ. ಕೂಡಿದ ಕರ್ನಾಟಕ.”

“ಕರ್ನಾಟಕ ಕೂಡೇ ಐತಲ್ಲ? ಮತ್ಯಾಕ ಹಂಗ ಹೆಸರಿಟ್ಟಾರ?”

ಮಕ್ಕಳೇ, ಪ್ರಶ್ನೆ ಸಣ್ಣದು. ಉತ್ತರ ಹೇಳಬೇಕೆಂದರೆ ಒಬ್ಬ ಮನುಷ್ಯನ ತೊಂಬತ್ತೈದು ವರ್ಷಗಳ ಬದುಕನ್ನೇ ಹೇಳಬೇಕಾಗುತ್ತದೆ. ಆತ ಪತ್ರಿಕೆ ನಡೆಸಿದರು, ಜೈಲು ಕಂಡರು, ಎರಡು ವರ್ಷ ಪೊಲೀಸರ ಕಣ್ಣಿಗೆ ಬೀಳದೆ ತಿರುಗಿದರು, ಕೇಂದ್ರದ ಮಂತ್ರಿಯಾದರು, ರಾಜ್ಯಪಾಲರಾದರು. ಇಷ್ಟೆಲ್ಲದರ ನಡುವೆ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಅವರೇ ರಂಗನಾಥ ರಾಮಚಂದ್ರ ದಿವಾಕರ. ಜನರ ಬಾಯಲ್ಲಿ ರಂಗರಾವ್ ದಿವಾಕರರು.

ಹರಿದು ಹಂಚಿಹೋದ ನಾಡು

ದಿವಾಕರರು ಹುಟ್ಟಿದ್ದು 1894ರ ಸೆಪ್ಟೆಂಬರ್ 30ರಂದು, ಧಾರವಾಡದಲ್ಲಿ. ಆಗ ಇಂದಿನ ಕರ್ನಾಟಕದ ನಕ್ಷೆಯೇ ಇರಲಿಲ್ಲ. ಬಿಜಾಪುರ, ಬೆಳಗಾವಿ, ಧಾರವಾಡ, ಕಾರವಾರದ ಕಡೆಯವರಿಗೆಲ್ಲ ಮುಂಬಯಿಯೇ ರಾಜಧಾನಿ. ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ನಿಜಾಮನ ಕೈಯಲ್ಲಿ. ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು. ಮೈಸೂರಿಗೆ ಮಹಾರಾಜರು. ಕೊಡಗು ಬೇರೆ. ನಮ್ಮ ಪಕ್ಕದ ಜಮಖಂಡಿ, ಮುಧೋಳಗಳಿಗೂ ಬೇರೆ ಬೇರೆ ಸಂಸ್ಥಾನಿಕರು. ಒಂದೇ ಭಾಷೆ ಆಡುವ ಜನ ಒಂದು ಮನೆಯಲ್ಲಿರದೆ ಹತ್ತಾರು ಮನೆಗಳ ಮೂಲೆಯಲ್ಲಿ ಕೂತಿದ್ದರು. ಮುಂಬಯಿ ಕಡೆಯ ಕನ್ನಡಿಗರಿಗೆ ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯ ಮುಂದೆ ಕನ್ನಡ ತಗ್ಗಿ ನಿಲ್ಲಬೇಕಾದ ಕಾಲ ಅದು.

ದಿವಾಕರರು ಎಂ.ಎ. ಓದಿದರು, ಕಾನೂನು ಪದವಿಯನ್ನೂ ಪಡೆದರು. ಇಂಗ್ಲಿಷ್ ಕಲಿಸುವ ಅಧ್ಯಾಪಕರಾದರು. ಆ ಕಾಲದಲ್ಲಿ ಅಷ್ಟು ಓದಿದವರಿಗೆ ಒಳ್ಳೆಯ ಸಂಬಳದ ನೌಕರಿ, ವಕೀಲಿಕೆ, ಎರಡೂ ಕೈಗೆಟಕುವಂತಿದ್ದವು. ಆದರೆ 1920ರಲ್ಲಿ ಗಾಂಧೀಜಿ ಅಸಹಕಾರದ ಕರೆ ಕೊಟ್ಟರು. ಸರಕಾರಿ ಶಾಲೆ, ಕೋರ್ಟು, ಪದವಿಗಳನ್ನು ಬಿಟ್ಟು ಬನ್ನಿ ಎಂಬ ಕರೆ. ಮನೆ ಮನೆಯಲ್ಲೂ ವಾದ ನಡೆಯಿತು. ಹೋದರೆ ಹೊಟ್ಟೆಗೇನು, ಹೋಗದಿದ್ದರೆ ಮನಸ್ಸಿಗೇನು? ದಿವಾಕರರು ಹೋದರು.

26ನೆಯ ವಯಸ್ಸಿನಲ್ಲಿ ‘ಕರ್ಮವೀರ’

1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ ಎಂಬ ವಾರಪತ್ರಿಕೆ ಹುಟ್ಟಿತು. ಸಂಪಾದಕ ದಿವಾಕರರಿಗೆ ಆಗ 26 ವರ್ಷ.

ಅಂದಿನ ಪತ್ರಿಕೆ ಎಂದರೆ ಹೇಗಿತ್ತು ಗೊತ್ತೇ? ಕಂಪ್ಯೂಟರ್ ಇಲ್ಲ. ಒಂದೊಂದು ಅಕ್ಷರಕ್ಕೂ ಸೀಸದ ಒಂದೊಂದು ಮೊಳೆ. ಕನ್ನಡದಲ್ಲಿ ಕಾಗುಣಿತವಿದೆ, ಒತ್ತಕ್ಷರವಿದೆ. ಹೀಗಾಗಿ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಬಗೆಯ ಮೊಳೆಗಳು ಬೇಕು. ಮೊಳೆ ಜೋಡಿಸುವವರು ಮರದ ಮನೆಗಳುಳ್ಳ ದೊಡ್ಡ ಪೆಟ್ಟಿಗೆಯ ಮುಂದೆ ನಿಂತು, ಒಂದೊಂದನ್ನೇ ಹೆಕ್ಕಿ, ಅಕ್ಷರ ತಿರುಗುಮುರುಗಾಗಿ ಕಾಣುವಂತೆ ಸಾಲು ಕಟ್ಟುತ್ತಿದ್ದರು. ಅದಕ್ಕೆ ಮಸಿ ಬಳಿದು, ಕಾಗದ ಒತ್ತಿ, ಒಣಗಿಸಿ, ಮಡಿಚಿ, ವಿಳಾಸ ಬರೆದು ಟಪಾಲಿಗೆ ಹಾಕುವಷ್ಟರಲ್ಲಿ ರಾತ್ರಿ ಕಳೆದಿರುತ್ತಿತ್ತು.

ಅದಕ್ಕಿಂತ ದೊಡ್ಡ ಕಷ್ಟ ಸರಕಾರದ್ದು. ಸರಕಾರದ ಮೇಲೆ ಜನರಿಗೆ ಅಸಮಾಧಾನ ಹುಟ್ಟುವಂತೆ ಮಾತಾಡಿದರೆ, ಬರೆದರೆ ಅದು ರಾಜದ್ರೋಹ ಎಂದು ಕಾನೂನು ಹೇಳುತ್ತಿತ್ತು. ಭಾರತ ದಂಡಸಂಹಿತೆಯ 124-ಎ ಕಲಮು ಅದು. ತಿಲಕರೂ ಗಾಂಧೀಜಿಯೂ ಅದರಡಿಯಲ್ಲೇ ಜೈಲಿಗೆ ಹೋದವರು. ಮುಂದೆ 1931ರಲ್ಲಿ ಬಂದ ಪತ್ರಿಕಾ ಕಾನೂನಿನ ಪ್ರಕಾರ ಸರಕಾರ ಮುದ್ರಣಾಲಯದಿಂದ ಠೇವಣಿ ಕೇಳಬಹುದಿತ್ತು. ಬರೆದದ್ದು ಹಿಡಿಸದಿದ್ದರೆ ಠೇವಣಿ ಮುಟ್ಟುಗೋಲು. ಬಡ ಪತ್ರಿಕೆಗೆ ಅಷ್ಟಾದರೆ ಬಾಗಿಲು ಹಾಕಿದಂತೆಯೇ.

ಅದೇ 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆಯಂಗಡಿಯ ಮುಂದೆ ಧರಣಿ ನಡೆದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಊರೇ ನಡುಗಿದ ಆ ದಿನಗಳಲ್ಲಿ ಹೊಸ ಸಂಪಾದಕ ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಕೂರಲಿಲ್ಲ. ರಾಜದ್ರೋಹದ ಆರೋಪ ಹೊತ್ತು ದಿವಾಕರರು ಮೊದಲ ಸಲ ಜೈಲು ಕಂಡದ್ದು ಆ ಕಾಲದಲ್ಲೇ.

ಹೆಸರಿನಲ್ಲೇ ಬೇಡಿಕೆ

ವಾರಕ್ಕೊಮ್ಮೆ ಬರುವ ಪತ್ರಿಕೆ ಸಾಲದಾಯಿತು. ಬೆಳಗಾವಿಯಲ್ಲಿ ಹುಟ್ಟಿದ್ದ ‘ಸಂಯುಕ್ತ ಕರ್ನಾಟಕ’ವನ್ನು 1930ರ ದಶಕದಲ್ಲಿ ದಿವಾಕರರೂ ಗೆಳೆಯರೂ ಹೊತ್ತುಕೊಂಡರು. ಲೋಕ ಶಿಕ್ಷಣ ಟ್ರಸ್ಟ್ ಎಂಬ ಸಂಸ್ಥೆ ಕಟ್ಟಿದರು. ಪತ್ರಿಕೆ ಹುಬ್ಬಳ್ಳಿಗೆ ಬಂತು. ಒಬ್ಬ ಧಣಿಯ ಸ್ವತ್ತಾಗದೆ ಟ್ರಸ್ಟಿನ ಪತ್ರಿಕೆಯಾಗಿ ಬೆಳೆಯಿತು. ಮುಂದೆ 1956ರಲ್ಲಿ ‘ಕಸ್ತೂರಿ’ ಮಾಸಪತ್ರಿಕೆಯೂ ಅದೇ ಟ್ರಸ್ಟಿನಿಂದ ಬಂತು.

ಇಲ್ಲಿ ವಿಜಯಪುರದವರು ಮರೆಯಬಾರದ ಹೆಸರೊಂದಿದೆ: ಮೊಹರೆ ಹಣಮಂತರಾಯರು. ಬಿಜಾಪುರದಲ್ಲಿ ‘ಕರ್ನಾಟಕ ವೈಭವ’ ವಾರಪತ್ರಿಕೆ ನಡೆಸಿ ಹೆಸರಾದ ಅವರು ‘ಸಂಯುಕ್ತ ಕರ್ನಾಟಕ’ದ ಸಂಪಾದಕರಾಗಿ ಬಹುಕಾಲ ದುಡಿದರು. ದಿವಾಕರರು ಚಳವಳಿ, ಜೈಲು ಎಂದು ಓಡಾಡುತ್ತಿದ್ದಾಗ ಪತ್ರಿಕೆಯ ನೊಗ ಹೊತ್ತವರಲ್ಲಿ ಅವರು ಮುಖ್ಯರು. ಇಂದೂ ಕರ್ನಾಟಕ ಸರಕಾರ ಪತ್ರಿಕೋದ್ಯಮಕ್ಕೆ ಕೊಡುವ ಒಂದು ಪ್ರಶಸ್ತಿಗೆ ಮೊಹರೆಯವರ ಹೆಸರಿದೆ.

ಈಗ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ನಾಡು ಕೂಡಿರದ ಕಾಲದಲ್ಲೇ ‘ಕೂಡಿದ ಕರ್ನಾಟಕ’ ಎಂದು ಹೆಸರಿಟ್ಟರು. ಅದು ಬರೀ ಹೆಸರಲ್ಲ, ದಿನ ಬೆಳಗಾದರೆ ಮನೆ ಬಾಗಿಲಿಗೆ ಬಂದು ಬೀಳುವ ಬೇಡಿಕೆ.

ಉಪ್ಪು, ಜೈಲು, ಪುಸ್ತಕ

1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪು ಹಿಡಿದರು. ವಾರ ಕಳೆದು ಏಪ್ರಿಲ್ 13ರಂದು ನಮ್ಮ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಆ ಸತ್ಯಾಗ್ರಹವನ್ನು ಸಜ್ಜುಗೊಳಿಸಿದ ಮುಂದಾಳುಗಳಲ್ಲಿ ದಿವಾಕರರೂ ಒಬ್ಬರು. 1930ರಿಂದ 1942ರವರೆಗೆ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷತೆ ಅವರದಾಗಿತ್ತು. ಸಂಪಾದಕ ಹೀಗೆ ನಾಯಕರಾದರು.

ಜೈಲಿನಲ್ಲಿ ಕೂತು ಕಾಲ ಹರಣ ಮಾಡಲಿಲ್ಲ. ಓದಿದರು, ಬರೆದರು. ಉಪನಿಷತ್ತು, ಗೀತೆ, ದಾಸರ ಪದ, ಶರಣರ ವಚನ ಎಲ್ಲದರ ಮೇಲೂ ಕನ್ನಡದಲ್ಲಿ ಪುಸ್ತಕ ಬರೆದರು. ಅವರ ‘ವಚನಶಾಸ್ತ್ರ ರಹಸ್ಯ’ಕ್ಕೂ ನಮ್ಮ ವಿಜಯಪುರಕ್ಕೂ ನಂಟಿದೆ. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸದಿದ್ದರೆ, ವಚನಗಳ ಬಗ್ಗೆ ಬರೆಯುವವರಿಗೆ ಮೂಲವೇ ಸುಲಭವಾಗಿ ಸಿಗುತ್ತಿರಲಿಲ್ಲ. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರು. 1938ರಲ್ಲಿ ಅದೇ ಬಳ್ಳಾರಿಯಲ್ಲಿ ಮತ್ತೆ ಸಮ್ಮೇಳನ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ದಿವಾಕರರಿದ್ದರು.

ಮರೆಯಲ್ಲಿದ್ದ ಎರಡು ವರ್ಷ

ಈಗ ಬರುವುದು ಈ ಬದುಕಿನ ಎಲ್ಲಕ್ಕಿಂತ ಕಠಿಣ ಗಳಿಗೆ.

1942ರ ಆಗಸ್ಟ್ 8ರ ರಾತ್ರಿ ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯವಾಯಿತು. ಬೆಳಗಾಗುವಷ್ಟರಲ್ಲಿ ಗಾಂಧೀಜಿಯೂ ದೊಡ್ಡ ನಾಯಕರೆಲ್ಲರೂ ಬಂಧನದಲ್ಲಿ. ಹೊರಗೆ ಉಳಿದವರು ಏನು ಮಾಡಬೇಕು? ತಾವಾಗಿ ಹೋಗಿ ಸಿಕ್ಕಿಬಿದ್ದರೆ ಚಳವಳಿ ನಿಲ್ಲುತ್ತದೆ. ದಿವಾಕರರು ಭೂಗತರಾದರು. ಅಂದರೆ ಮರೆಯಲ್ಲಿದ್ದು ಕೆಲಸ ನಡೆಸಿದರು. ಇಂದು ಒಂದು ಊರು, ನಾಳೆ ಇನ್ನೊಂದು. ಅನ್ನ ಹಾಕಿದವರ ಮನೆಗೂ ಪೊಲೀಸರ ಕಾಟದ ಭಯ.

ಕರ್ನಾಟಕದಲ್ಲಿ ಚಳವಳಿ ಬಲವಾಗಿ ನಡೆಯಿತು. ತಂತಿ ಕಡಿದರು, ಟಪಾಲು ಚೀಲ ಸುಟ್ಟರು, ರೈಲು ನಿಲ್ದಾಣಗಳ ಮೇಲೆ ಏರಿಹೋದರು. ಪ್ರಾಣ ತೆಗೆಯಬಾರದು, ಆದರೆ ಸರಕಾರ ನಡೆಯಗೊಡಬಾರದು ಎಂಬ ವಾದ ಹಲವರದಾಗಿತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಮತ್ತು ಸಂಗಡಿಗರು ಗುಂಡಿಗೆ ಬಲಿಯಾದರು.

1944ರಲ್ಲಿ ಗಾಂಧೀಜಿ ಬಿಡುಗಡೆಯಾದರು. ಸತ್ಯಾಗ್ರಹಿಗೆ ಗುಟ್ಟು ಸಲ್ಲದು, ಮರೆಯಲ್ಲಿರುವವರು ಹೊರಗೆ ಬರುವುದೇ ಲೇಸು ಎಂಬುದು ಅವರ ಸಲಹೆ. ಎರಡು ವರ್ಷ ಇಷ್ಟು ಪಾಡು ಪಟ್ಟವರಿಗೆ ಆ ಮಾತು ಎಷ್ಟು ಕಹಿಯಾಗಿರಬೇಕು! ‘ಹಾಗಾದರೆ ನಾವು ಮಾಡಿದ್ದು ತಪ್ಪೇ?’ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಪೊಲೀಸರಿಗೆ ಸಿಗದ ದಿವಾಕರರು ಗಾಂಧೀಜಿಯ ಮಾತಿಗೆ ಸಿಕ್ಕರು. ತಾವಾಗಿಯೇ ಹೊರಗೆ ಬಂದು ಸರಕಾರಕ್ಕೆ ಒಪ್ಪಿಸಿಕೊಂಡರು.

ಅಲ್ಲಿಗೇ ಬಿಡಲಿಲ್ಲ. ಸತ್ಯಾಗ್ರಹ ಎಂದರೇನು, ಅದು ಎಲ್ಲೆಲ್ಲಿ ಹೇಗೆ ನಡೆಯಿತು, ಅದರ ಕಟ್ಟುಪಾಡುಗಳೇನು ಎಂದು ವಿವರಿಸಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1946ರಲ್ಲಿ ಅದು ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಅಮೆರಿಕದಲ್ಲೂ ಅಚ್ಚಾಯಿತು. ತನ್ನನ್ನು ಕಾಡಿದ ಪ್ರಶ್ನೆಯನ್ನು ಬರೆದು ಬಿಡಿಸಿಕೊಳ್ಳುವುದು ಬರಹಗಾರನ ದಾರಿ.

ಕುರ್ಚಿಯ ಆಚೆ ಬದಿ

ಸ್ವಾತಂತ್ರ್ಯ ಬಂತು. ದಿವಾಕರರು ಸಂವಿಧಾನ ಸಭೆಯ ಸದಸ್ಯರಾದರು. 1948ರಲ್ಲಿ ಕೇಂದ್ರ ಸರಕಾರದ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾಗಿ 1952ರವರೆಗೆ ಇದ್ದರು. ಎಂಥ ತಿರುವು ನೋಡಿ! ಸರಕಾರ ಯಾರನ್ನು ರಾಜದ್ರೋಹಿ ಎಂದು ಜೈಲಿಗೆ ಹಾಕಿತ್ತೋ ಆ ಪತ್ರಕರ್ತನ ಕೈಗೇ ದೇಶದ ವಾರ್ತೆ, ರೇಡಿಯೋಗಳ ಖಾತೆ ಬಂತು.

ಅವರು ಆ ಖಾತೆಯಲ್ಲಿದ್ದಾಗಲೇ, 1950ರ ಜನವರಿ 8ರಂದು, ಧಾರವಾಡ ಆಕಾಶವಾಣಿ ಆರಂಭವಾಯಿತು. ಪೇಪರು ಓದಲು ಅಕ್ಷರ ಬೇಕು. ರೇಡಿಯೋ ಕೇಳಲು ಕಿವಿ ಸಾಕು. ಶಾಲೆಯ ಮುಖ ಕಾಣದ ರೈತರಿಗೂ, ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಂದಿರಿಗೂ ಕನ್ನಡದ ಸುದ್ದಿ, ಹಾಡು ಮುಟ್ಟಲು ದಾರಿಯಾಯಿತು. ಈ ಲೇಖನ ಓದುವ ಮನೆಯ ಹಿರಿಯರನ್ನು ಕೇಳಿ, ಧಾರವಾಡ ಕೇಂದ್ರದ ನೆನಪು ಹೇಳದವರು ಕಡಿಮೆ.

1952ರ ಜೂನ್‌ನಲ್ಲಿ ಅವರು ಬಿಹಾರದ ರಾಜ್ಯಪಾಲರಾದರು. ಐದು ವರ್ಷ ಪಟ್ನಾದ ರಾಜಭವನ. ಅಂದರೆ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ, ಅದಕ್ಕಾಗಿ ಹೆಸರಿನಲ್ಲೇ ಬೇಡಿಕೆ ಇಟ್ಟಿದ್ದ ಪತ್ರಿಕೆಯ ಹಿರಿಯರು ದೂರದ ಗಂಗಾತೀರದಲ್ಲಿ ಕೆಲಸದ ಮೇಲಿದ್ದರು. ಆಗ ರಾಜ್ಯದ ಹೆಸರು ಮೈಸೂರು. ‘ಕರ್ನಾಟಕ’ ಎಂಬ ಹೆಸರು ಬರಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ರಾಜ್ಯಪಾಲರು ಪಕ್ಷ ರಾಜಕಾರಣ ಮಾಡುವಂತಿಲ್ಲ. ದಿವಾಕರರ ಒಳಗಿನ ಸಂಪಾದಕ ಅಲ್ಲೂ ಕೆಲಸ ಹುಡುಕಿಕೊಂಡ. ಬಿಹಾರದ ಇತಿಹಾಸ, ಸಂಸ್ಕೃತಿಗಳನ್ನು ಕುರಿತು ವಿದ್ವಾಂಸರಿಂದ ಬರೆಸಿದ ದೊಡ್ಡ ಇಂಗ್ಲಿಷ್ ಗ್ರಂಥ ಅವರ ಸಂಪಾದಕತ್ವದಲ್ಲಿ 1959ರಲ್ಲಿ ಹೊರಬಂತು. ಅದೇ ಮಾದರಿಯಲ್ಲಿ ಕರ್ನಾಟಕದ ಗ್ರಂಥ 1968ರಲ್ಲಿ ಬಂತು. ಹೋದ ನಾಡನ್ನೂ ಹುಟ್ಟಿದ ನಾಡನ್ನೂ ಒಂದೇ ಕಣ್ಣಿನಿಂದ ನೋಡಿದ ಕೆಲಸ ಅದು.

ಶ್ವೇತಭವನದ ಬಾಗಿಲಲ್ಲಿ

ಕೊನೆಯವರೆಗೂ ಅವರು ಗಾಂಧಿ ಸ್ಮಾರಕ ನಿಧಿ, ಗಾಂಧಿ ಶಾಂತಿ ಪ್ರತಿಷ್ಠಾನಗಳ ಕೆಲಸದಲ್ಲಿ ತೊಡಗಿದ್ದರು. 1962ರಲ್ಲಿ ಅಮೆರಿಕ, ರಷ್ಯಾ ಎರಡೂ ಅಣುಬಾಂಬ್ ಪರೀಕ್ಷೆ ನಡೆಸುತ್ತಿದ್ದವು. ಅದನ್ನು ನಿಲ್ಲಿಸಿ ಎಂದು ಕೇಳಲು ರಾಜಾಜಿಯವರ ಜೊತೆ ದಿವಾಕರರೂ ಅಮೆರಿಕಕ್ಕೆ ಹೋದರು. ಸೆಪ್ಟೆಂಬರ್ 28ರಂದು ಅಧ್ಯಕ್ಷ ಕೆನಡಿಯವರನ್ನು ಕಂಡರು. ದಿವಾಕರರಿಗೆ 68 ತುಂಬಲು ಎರಡೇ ದಿನ ಬಾಕಿ. ಕೈಯಲ್ಲಿ ಸೈನ್ಯವಿಲ್ಲ, ಅಧಿಕಾರವಿಲ್ಲ, ಮಾತೊಂದೇ. ಮರುವರ್ಷ ಆಗಸ್ಟ್‌ನಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಅಣುಪರೀಕ್ಷೆ ನಡೆಸಬಾರದೆಂಬ ಒಪ್ಪಂದಕ್ಕೆ ಅಮೆರಿಕ, ರಷ್ಯಾ, ಬ್ರಿಟನ್ ಸಹಿ ಹಾಕಿದವು. ಜಗತ್ತಿನ ಎಷ್ಟೋ ಜನ ಕೇಳಿದ್ದರ ಫಲ ಅದು. ಕೇಳಿದವರಲ್ಲಿ ನಮ್ಮ ಧಾರವಾಡದವರೂ ಇದ್ದರು.

ದಿವಾಕರರು 1990ರ ಜನವರಿಯಲ್ಲಿ ತೀರಿಕೊಂಡರು.

ಮಕ್ಕಳೇ, ಮಂತ್ರಿಯಾದವರು ಬಹಳ ಮಂದಿ. ಪುಸ್ತಕ ಬರೆದವರೂ ಬಹಳ ಮಂದಿ. ಅಧಿಕಾರ ಬರುವ ಮೊದಲು ಬರೆದದ್ದನ್ನು ಅಧಿಕಾರ ಬಂದ ಮೇಲೂ ನೆನಪಿಟ್ಟವರು, ತಾವು ನಂಬಿದವರು ಬೇರೆ ಮಾತು ಹೇಳಿದಾಗ ತಮ್ಮ ನಡೆಯನ್ನೇ ತಿದ್ದಿಕೊಂಡವರು ಕಡಿಮೆ. ನಾಳೆ ಕಟ್ಟೆಯ ಮೇಲೆ ಪೇಪರು ಕಂಡರೆ ಮೊದಲು ಅದರ ಹೆಸರು ಓದಿ. ಅದನ್ನು ಯಾರು, ಯಾವಾಗ, ಯಾಕೆ ಇಟ್ಟರೆಂದು ಮನೆಯ ಹಿರಿಯರನ್ನು ಕೇಳಿ. ಒಂದೊಂದು ಹೆಸರಿನ ಹಿಂದೆಯೂ ಇಂಥದೊಂದು ಕಥೆ ಇದ್ದೀತು.

ನೆನಪಿಡಿ: ದಿವಾಕರರ ಬದುಕಿನ ಮೈಲುಗಲ್ಲುಗಳು

1894: ಧಾರವಾಡದಲ್ಲಿ ಜನನ
1921: ‘ಕರ್ಮವೀರ’ ವಾರಪತ್ರಿಕೆ ಆರಂಭ
1930: ಉಪ್ಪಿನ ಸತ್ಯಾಗ್ರಹ
1938: ಬಳ್ಳಾರಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ
1942–44: ಭೂಗತ ಹೋರಾಟ
1948–52: ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವ
1952–57: ಬಿಹಾರದ ರಾಜ್ಯಪಾಲ
1962: ಅಣುಪರೀಕ್ಷೆ ವಿರೋಧಿಸಿ ಕೆನಡಿಯವರ ಭೇಟಿ
1990: ನಿಧನ